ಐದು ವರ್ಷ ಜೊತೆಗೆ ನಡೆದವರಿಗೆ

ಮೊನ್ನೆ ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಐದನೇ ವರ್ಷದ ತಪಾಸಣೆ ಮುಗಿಯಿತು. ಸ್ಕ್ಯಾನ್, ರಕ್ತ ಪರೀಕ್ಷೆ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಎಲ್ಲವೂ ಸರಿಯಾಗಿವೆ. "ಚೊಲೋ ಆತ್ರಿ ಅಕ್ಕಾರ" ಎಂದರು ಡಾಕ್ಟರ್. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಒಬ್ಬೊಬ್ಬರಿಗೂ ಎದುರಿಗೆ ನಿಂತು ಥ್ಯಾಂಕ್ಸ್ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ಹೊಲಿಗೆ ಕೆಲಸ. 28 ವರ್ಷ ಮಷಿನ್ ಮುಂದೆ ಕೂತಿದ್ದೆ. 49ನೇ ವಯಸ್ಸಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ ಅಂತ ಗೊತ್ತಾಯಿತು. ಅದಕ್ಕೂ ಮುಂಚೆ ಆರು ತಿಂಗಳು ಮೂಲವ್ಯಾಧಿ ಅಂತ ಒಬ್ಬರು ಬರೀ ಮುಲಾಮು ಕೊಟ್ಟಿದ್ದರು. ನಾಚಿಕೆಗೆ ನಾನೂ ಜಾಸ್ತಿ ಬಾಯಿ ಬಿಡಲಿಲ್ಲ. ಮಲದಲ್ಲಿ ರಕ್ತ ಹೋಗುತ್ತಿದ್ದರೆ ದಯವಿಟ್ಟು ಸುಮ್ನೆ ಇರಬೇಡಿ, ಕೈಮುಗಿದು ಕೇಳುತ್ತೇನೆ.

ಮೊದಲ ನಮಸ್ಕಾರ ವಾರ್ಡಿನ ಆ ಸಿಸ್ಟರ್‌ಗೆ. ಆಪರೇಷನ್ ಆದ ಮರುದಿನವೇ ಬಂದು "ಏಳ್ರಿ ಅಕ್ಕಾರ, ನಾಕ ಹೆಜ್ಜಿ ಹಾಕೂಣು" ಅಂದರು. ಹೊಟ್ಟೆ ತುಂಬ ಹೊಲಿಗೆ, ಕೈಗೆ ಸಲೈನ್. ನನಗೆ ಸಿಟ್ಟೇ ಬಂತು. ಮಲಗಿಯೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕಫ ಕಟ್ಟಬಹುದು ಎಂದು ಅವರೇ ಬಿಡಿಸಿ ಹೇಳಿದರು. ಅವರ ಹೆಗಲು ಹಿಡಿದು ಕಿಟಕಿಯವರೆಗೆ ಹೋಗಿ ಬಂದೆ.

ಆಮೇಲೆ ಆರು ತಿಂಗಳು ಕೀಮೋ. ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ. ಸೂಜಿ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಹೊಲಿಗೆಯವಳಿಗೆ ಬೆರಳು ಹೋದರೆ ಇನ್ನೇನು ಉಳಿಯಿತು ಅಂತ ಹಾಸಿಗೆ ಹಿಡಿದೆ. ಆಗ ಬಂದವರು ಎದುರು ಮನೆಯ ವೈನಿ. ಅವರದೊಂದು ಖಣ ನನ್ನ ಹತ್ತಿರ ಹೊಲಿಯದೆ ಉಳಿದಿತ್ತು. ಬೇರೆಯವರ ಕಡೆ ಹೊಲಿಸಿಕೊಳ್ಳಿ ಅಂದೆ. "ನಿಮ್ಮ ಕೈಯಾಗ ಹೊಲದ್ರನ ನಾ ಹಾಕ್ಕೊಳ್ಳಾಕಿ. ಈಗ ಚಪ್ಪಲಿ ಮೆಟ್ರಿ" ಎಂದರು. ಮೊದಲ ದಿನ ನಮ್ಮ ಓಣಿಯ ತುದಿಯವರೆಗೆ. ಎರಡು ತಿಂಗಳಿಗೆ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನ. ಚಳಿ ನನಗೆ ಆಗುವುದಿಲ್ಲ ಅಂತ, ಬೆಳಗ್ಗೆ ಆರಕ್ಕೆ ಹೋಗುತ್ತಿದ್ದ ಅವರ ಗೆಳತಿಯರೆಲ್ಲ ಬಿಸಿಲು ಬಿದ್ದ ಮೇಲೆ ಹೊರಡಲು ಶುರು ಮಾಡಿದರು. ಅಡುಗೆ, ಮಕ್ಕಳ ಡಬ್ಬಿ, ನಲ್ಲಿ ನೀರು ಎಲ್ಲವನ್ನೂ ಹಿಂದೆ ಮುಂದೆ ಮಾಡಿಕೊಂಡು. ಅದು ಸಣ್ಣ ಮಾತಲ್ಲ. ಆ ಖಣ ಕುಬಸ ಆಗಲು ಹನ್ನೊಂದು ತಿಂಗಳು ಬೇಕಾಯಿತು. ವೈನಿ ಕಾದರು.

ಒಂದು ದಿನ ಡಾಕ್ಟರ್ ಹತ್ತಿರ ಕೇಳಿಯೇ ಬಿಟ್ಟೆ: ಇಷ್ಟು ವರ್ಷ ಕೂತಿದ್ದಕ್ಕೇ ಬಂತೇನ್ರಿ? ಒಬ್ಬರಿಗೆ ಯಾಕೆ ಬಂತು ಅಂತ ಹೇಳಲಾಗದು, ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಎಂದರು. ಆದರೆ ಸಾವಿರಾರು ಜನರನ್ನು ನೋಡಿದಾಗ, ಮೈ ಬಗ್ಗಿಸುವವರಲ್ಲಿ ಕರುಳು, ಸ್ತನ, ಗರ್ಭಕೋಶ, ಮೂತ್ರಪಿಂಡದ ಕ್ಯಾನ್ಸರ್ ಕಡಿಮೆ ಎಂಬುದು ನಿಜವಂತೆ. ನಡೆದರೆ ರಕ್ತದಲ್ಲಿ ಇನ್ಸುಲಿನ್ ಹತೋಟಿಗೆ ಬರುತ್ತದೆ, ಒಳಗಿನ ಉರಿಯೂತ ಇಳಿಯುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಚುರುಕು. ನಡೆದವರಿಗೆ ಬರುವುದೇ ಇಲ್ಲ ಅಂತಲ್ಲ. ಅದಕ್ಕೇ ನನ್ನ ತಮ್ಮ, ತಂಗಿ ವಾಕಿಂಗ್ ಜೊತೆಗೆ ಕೊಲೊನೋಸ್ಕೋಪಿಯನ್ನೂ ಮಾಡಿಸಿಕೊಂಡಿದ್ದಾರೆ.

ಈ ಸಲ ಡಾಕ್ಟರ್ ಇನ್ನೊಂದು ವಿಷಯ ಹೇಳಿದರು. 2025ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ನನ್ನಂತೆಯೇ ಕರುಳಿನ ಆಪರೇಷನ್, ಕೀಮೋ ಮುಗಿಸಿದ 889 ಜನ. ಅರ್ಧ ಜನರಿಗೆ ವ್ಯಾಯಾಮದ ಬಗ್ಗೆ ಪುಸ್ತಿಕೆ ಕೊಟ್ಟರು. ಉಳಿದವರಿಗೆ ಮೂರು ವರ್ಷ ಜೊತೆಗಿದ್ದು ವ್ಯಾಯಾಮ ಮಾಡಿಸುವ ಒಬ್ಬರನ್ನು ಕೊಟ್ಟರು. ಎಂಟು ವರ್ಷದ ಲೆಕ್ಕಕ್ಕೆ ಪುಸ್ತಿಕೆಯವರಲ್ಲಿ ನೂರಕ್ಕೆ 83 ಜನ ಬದುಕಿದ್ದರೆ, ಜೊತೆ ಸಿಕ್ಕವರಲ್ಲಿ 90. ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನನಗೂ ಆಸ್ಪತ್ರೆಯಲ್ಲಿ ಪುಸ್ತಿಕೆ ಕೊಟ್ಟಿದ್ದರು. ಅದು ಕಪಾಟಿನಲ್ಲೇ ಇದೆ. ಬಾಗಿಲು ಬಡಿದವರು ವೈನಿ.

ನಾನು ಹೊರಗೆ ಹೋದಾಗ ಮೊದಲ ಸಲ ಒಲೆ ಮುಂದೆ ನಿಂತು ಅನ್ನ ಸುಟ್ಟ ನಮ್ಮ ಮನೆಯವರಿಗೆ, ಮೊಣಕಾಲು ನೋವಿದ್ದರೂ ರೊಟ್ಟಿ ಬಡಿದ ಅತ್ತೆಯವರಿಗೆ, ನಾನು ಕೂತು ಸುಧಾರಿಸಿಕೊಳ್ಳಲೆಂದು ದಿನಾ ಅಂಗಡಿ ಮುಂದೆ ಸ್ಟೂಲ್ ಇಟ್ಟ ಮೂಲೆ ಅಂಗಡಿ ಕಾಕಾನಿಗೆ ನಮಸ್ಕಾರ. ಬಟ್ಟೆ ತಡವಾದರೂ ಬೇರೆ ಕಡೆ ಹೋಗದ ಗಿರಾಕಿಗಳಿಗೂ.

ಆಷಾಢದ ಜಿಟಿಜಿಟಿ ಮಳೆಯಲ್ಲಿ ಮೈದಾನ ಕೆಸರಾದಾಗ ವೈನಿಯವರ ಉದ್ದ ಪಡಸಾಲೆಯಲ್ಲೇ ಐದು ಜನ ಆ ತುದಿಯಿಂದ ಈ ತುದಿಗೆ ನಡೆದೆವು. ಇನ್ನೇನು ಮತ್ತೆ ಮಳೆಗಾಲ ಬಂತು. ವೈನಿ, ಈ ವರ್ಷವೂ ಆ ಪಡಸಾಲೆಯ ಕುರ್ಚಿಗಳನ್ನು ಗೋಡೆಗೆ ಸರಿಸಿಡ್ರಿ. ನಾನು ಬರ್ತೀನಿ.