ಸರ್ವರ್ ಬಳಿ ಒಬ್ಬರು, ಕಪಾಟಿನಲ್ಲಿ ಒಂದು ಹಾಳೆ

ಮಾನ್ಯ ಸಂಪಾದಕರೇ,

ಕಲಬುರಗಿಯ ಆಸ್ಪತ್ರೆ, ಕಾಲೇಜು, ಸಹಕಾರ ಸಂಘಗಳ ಕೌಂಟರ್‌ಗಳಲ್ಲಿ ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಮಾತನ್ನು ಕೇಳದವರು ವಿರಳ. ಹೀಗೆ ಹೇಳಿಸಿಕೊಂಡು ಹಿಂದಿರುಗುವವರಲ್ಲಿ ಆಳಂದ, ಜೇವರ್ಗಿ, ಚಿತ್ತಾಪುರದ ಹಳ್ಳಿಗಳಿಂದ ಒಂದು ದಿನದ ಕೂಲಿ ಬಿಟ್ಟು, ಬೆಳಗಿನ ಬಸ್ ಹಿಡಿದು ಬಂದವರೂ ಇರುತ್ತಾರೆ. ಸಂಸ್ಥೆಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ವೃತ್ತಿಯಾದ್ದರಿಂದ, ಈ ತೊಂದರೆಯ ಒಂದು ಬಗೆಯ ಕುರಿತು ತಮ್ಮ ಪತ್ರಿಕೆಯ ಮೂಲಕ ಸಂಸ್ಥೆಗಳ ಮುಖ್ಯಸ್ಥರ ಗಮನ ಸೆಳೆಯಬಯಸುತ್ತೇನೆ. ಸಿಸ್ಟಂ ಅಪ್‌ಡೇಟ್ ಆದ ನಂತರ ಸರ್ವರ್ ಚಾಲೂ ಇದ್ದರೂ ಅದರ ನೆಟ್‌ವರ್ಕ್ ಸಂಪರ್ಕ ತಪ್ಪಿಹೋಗುವುದೇ ಆ ತೊಂದರೆ. ಬಹುಪಾಲು ಸಂದರ್ಭಗಳಲ್ಲಿ ಇದು, ಯಂತ್ರದ ಮುಂದೆ ಕುಳಿತವರು ಅರ್ಧ ಗಂಟೆಯಲ್ಲಿ ಪತ್ತೆ ಹಚ್ಚಬಹುದಾದ ದೋಷ. ನಮ್ಮ ಭಾಗದಲ್ಲಿ ಯಂತ್ರದ ಮುಂದೆ ಕುಳಿತುಕೊಳ್ಳಬಲ್ಲವರನ್ನು ಯಾರೂ ಇಟ್ಟುಕೊಂಡಿಲ್ಲ ಎಂಬುದೇ ನನ್ನ ದೂರು.

ಕಳೆದ ಬೇಸಿಗೆಯಲ್ಲಿ ನಗರದ ಒಂದು ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರಿಂದ ಸರ್ವರ್ ಕೂಡ ಆರಿತು. ಕರೆಂಟ್ ಬಂದ ಮೇಲೆ ಸರ್ವರ್ ತಾನಾಗಿಯೇ ಎದ್ದುಕೊಂಡರೂ ಬಿಲ್ಲಿಂಗ್ ಕೌಂಟರ್, ಔಷಧ ವಿಭಾಗ, ಲ್ಯಾಬ್ ಯಾವುದಕ್ಕೂ ಅದು ಸಿಗಲಿಲ್ಲ. ವೋಲ್ಟೇಜ್ ಏರಿಳಿತದಿಂದ ನೆಟ್‌ವರ್ಕ್ ಕಾರ್ಡ್ ಸುಟ್ಟಿದೆ ಎಂದು ಅಲ್ಲಿನ ಸಿಬ್ಬಂದಿ ತೀರ್ಮಾನಿಸಿ, ಪೇಟೆಯಿಂದ ಹೊಸ ಕಾರ್ಡ್ ತರಿಸಿ ಹಾಕಿಸಿದರು. ಆದರೂ ಸಂಪರ್ಕ ಬರಲಿಲ್ಲ. ನನ್ನನ್ನು ಕರೆಸಿದಾಗ ನಾನು ಮೊದಲು ನೋಡಿದ್ದು ಹಳೆಯ ಕಾರ್ಡಿನ ಪೋರ್ಟ್ ಪಕ್ಕದ ಪುಟ್ಟ ದೀಪವನ್ನು. ಕೇಬಲ್ ಚುಚ್ಚಿದೊಡನೆ ಅದು ಹಸಿರಾಗಿ ಮಿನುಗಿತು. ಸುಟ್ಟ ಕಾರ್ಡಿನ ದೀಪ ಸಾಮಾನ್ಯವಾಗಿ ಹಾಗೆ ಮಿನುಗುವುದಿಲ್ಲ. ಮಾನಿಟರ್, ಕೀಬೋರ್ಡ್ ಹುಡುಕಿ ತಂದು ಜೋಡಿಸಿ ಯಂತ್ರದಲ್ಲಿರುವ ನೆಟ್‌ವರ್ಕ್ ಕಾರ್ಡ್‌ಗಳ ಪಟ್ಟಿ ತೋರಿಸುವ ‘ಐಪಿ ಲಿಂಕ್’ ಎಂಬ ಆದೇಶ ಕೊಟ್ಟಾಗ ಕಾರಣ ಪರದೆಯ ಮೇಲೆಯೇ ಇತ್ತು. ಅಪ್‌ಡೇಟ್‌ಗೆ ಮುಂಚೆ ‘ಇಎನ್‌ಪಿ3ಎಸ್0ಎಫ್0’ ಎಂದು ಕರೆಸಿಕೊಳ್ಳುತ್ತಿದ್ದ ಕಾರ್ಡಿನ ಹೆಸರಿನ ಬಾಲಕ್ಕೆ ‘ಎನ್‌ಪಿ0’ ಸೇರಿಕೊಂಡಿತ್ತು, ಸೆಟ್ಟಿಂಗ್ ಫೈಲ್‌ನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿತ್ತು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಎದುರಿಗೆ ಕುಳಿತವನದು ಇನ್ನೊಂದು ಹೆಸರು ಎಂಬಂತಾಗಿ, ಯಂತ್ರವು ತನ್ನ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು) ಯಾವ ಕಾರ್ಡಿಗೂ ಕೊಡದೆ ಸುಮ್ಮನಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಅಪ್‌ಡೇಟ್ ಕರೆಂಟ್ ಹೋದ ದಿನ ಆದದ್ದಲ್ಲ, ಅದಕ್ಕೂ ಎಷ್ಟೋ ವಾರಗಳ ಹಿಂದೆ ತಾನಾಗಿಯೇ ಆಗಿ ಕುಳಿತಿತ್ತು. ಆ ಸರ್ವರ್‌ನಲ್ಲಿದ್ದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಹೊಸ ಕರ್ನಲ್ (ಅದರ ತಿರುಳು ಭಾಗ) ಅಳವಡಿಕೆಯಾದರೂ ಯಂತ್ರ ರೀಬೂಟ್ ಆಗುವವರೆಗೆ ಹಳೆಯ ಕರ್ನಲ್ಲೇ ಕೆಲಸ ಮಾಡುತ್ತಿರುತ್ತದೆ. ಹೀಗಾಗಿ ಅಪ್‌ಡೇಟ್ ತಂದ ದೋಷವು ತಿಂಗಳುಗಟ್ಟಲೆ ಅಡಗಿದ್ದು, ಏಪ್ರಿಲ್-ಮೇ ತಿಂಗಳ ಯಾವುದೋ ಕರೆಂಟ್ ಕಡಿತದ ನೆಪದಲ್ಲಿ ಹೊರಬೀಳುತ್ತದೆ, ಮತ್ತು ಆ ತಪ್ಪು ವಿದ್ಯುತ್ತಿನ ಹೆಗಲೇರುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೊಸದಲ್ಲದ ನಮ್ಮ ಮೂರೂ ಜಿಲ್ಲೆಗಳಲ್ಲಿ, ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ, ಈ ಗೊಂದಲ ಪದೇ ಪದೇ ಆಗುತ್ತದೆ. ಅನುಮಾನದ ಮೇಲೆ ಹೊಸ ಕಾರ್ಡ್ ಸಿಕ್ಕಿಸುವುದು ಪರಿಹಾರವಾಗದಿರುವುದಷ್ಟೇ ಅಲ್ಲ, ಕೆಲವೊಮ್ಮೆ ಎರಡನೆಯ ದೋಷವನ್ನೂ ಹುಟ್ಟಿಸುತ್ತದೆ. ಏಕೆಂದರೆ 2013ರಿಂದ ಲಿನಕ್ಸ್‌ನ ಸಿಸ್ಟಂಡಿ ಎಂಬ, ಯಂತ್ರದ ಸೇವೆಗಳನ್ನು ಚಾಲೂ ಮಾಡುವ ವ್ಯವಸ್ಥೆಯು ಕಾರ್ಡ್ ಕುಳಿತಿರುವ ಜಾಗವನ್ನು ಆಧರಿಸಿ ಹೆಸರಿಡುತ್ತದೆ. ‘ಪಿ3ಎಸ್0’ ಎಂದರೆ 3ನೇ ಸಂಖ್ಯೆಯ ಪಿಸಿಐ ಬಸ್‌ನ (ಕಾರ್ಡ್‌ಗಳನ್ನು ಯಂತ್ರಕ್ಕೆ ಜೋಡಿಸುವ ಮಾರ್ಗದ) ಸೊನ್ನೆಯ ಸ್ಲಾಟ್. ಪಕ್ಕದಲ್ಲಿ ಇನ್ನೊಂದು ಕಾರ್ಡ್ ಬಂದು ಬಸ್ ಸಂಖ್ಯೆ ಮೂರರಿಂದ ನಾಲ್ಕಕ್ಕೆ ಸರಿದರೆ ಹೆಸರೂ ಸರಿಯುತ್ತದೆ. ಇದನ್ನು ತಪ್ಪಿಸಲು ಸೆಟ್ಟಿಂಗ್ ಫೈಲ್‌ನಲ್ಲಿ ಕಾರ್ಡಿನ ಹೆಸರನ್ನು ನೆಚ್ಚದೆ ಅದರ ಮ್ಯಾಕ್ ವಿಳಾಸವನ್ನು (ತಯಾರಕರು ಕಾರ್ಡಿಗೆ ಕೊಟ್ಟ ಗುರುತಿನ ಸಂಖ್ಯೆಯನ್ನು) ಬರೆದಿಡುವುದು ಒಳ್ಳೆಯದು.

ಪರಿಶೀಲನೆಯಲ್ಲಿ ಒಂದು ಕ್ರಮವಿರಬೇಕು. ಕಾರ್ಡ್ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲವೆಂದಾದರೆ ಹೊಸ ಕರ್ನಲ್‌ನಲ್ಲಿ ಅದರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಲ್ಲದಿರುವ ಸಾಧ್ಯತೆ ಹೆಚ್ಚು, ಆಗ ಬೂಟ್ ಮೆನುವಿನಿಂದ ಹಳೆಯ ಕರ್ನಲ್ ಆರಿಸಿಕೊಂಡರೆ ಆ ಹೊತ್ತಿನ ಕೆಲಸ ನಡೆಯುತ್ತದೆ, ಸಾವಧಾನವಾಗಿ ದುರಸ್ತಿ ಮಾಡಲು ಸಮಯವೂ ಸಿಗುತ್ತದೆ. ಕಾರ್ಡ್ ಇದ್ದರೆ, ಅದಕ್ಕೆ ಐಪಿ ವಿಳಾಸ ಸಿಕ್ಕಿದೆಯೇ, ಸಿಕ್ಕಿದ್ದರೆ ಅದು ಹಳೆಯ ವಿಳಾಸವೇ ಎಂದು ನೋಡಬೇಕು. ಸ್ಥಿರ ವಿಳಾಸ ಅಳಿಸಿಹೋಗಿ ರೌಟರ್ ಕೊಟ್ಟ ಬೇರೆ ಯಾವುದೋ ವಿಳಾಸ ಬಂದಿದ್ದರೆ ಸರ್ವರ್‌ನಲ್ಲಿ ಇಂಟರ್‌ನೆಟ್ ಸರಾಗವಾಗಿ ಓಡುತ್ತಿರುತ್ತದೆ, ಆದರೆ ಹಳೆಯ ಸಂಖ್ಯೆಯನ್ನೇ ನಂಬಿಕೊಂಡ ಕೌಂಟರ್ ಕಂಪ್ಯೂಟರ್‌ಗಳಿಗೆ ಅದು ಸಿಗುವುದಿಲ್ಲ. ಇದೂ ಸರಿಯಿದ್ದರೆ ಗೇಟ್‌ವೇಗೆ (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ಸಾಧನಕ್ಕೆ) ಪಿಂಗ್ ಮಾಡಿ, ಅಂದರೆ ಸಂದೇಶ ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡಿ, ನಂತರ ಹೊರಗಿನ ಒಂದು ಐಪಿ ಸಂಖ್ಯೆಗೆ, ಕೊನೆಗೆ ಹೆಸರಿರುವ ಒಂದು ತಾಣಕ್ಕೆ ಪಿಂಗ್ ಮಾಡಿ ನೋಡಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಕೇಬಲ್, ಕಾರ್ಡ್, ಸ್ವಿಚ್ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ, ಡಿಎನ್‌ಎಸ್ (ತಾಣದ ಹೆಸರನ್ನು ಸಂಖ್ಯೆಗೆ ಬದಲಿಸುವ ವ್ಯವಸ್ಥೆ) ಸೆಟ್ಟಿಂಗ್ ಒಂದನ್ನು ಸರಿಪಡಿಸಿದರೆ ಸಾಕು. ಯಾವ ಪ್ಯಾಕೇಜ್ ಯಾವಾಗ ಬದಲಾಯಿತು ಎಂಬುದನ್ನು ಅಪ್‌ಡೇಟ್ ಇತಿಹಾಸದ ಲಾಗ್ ದಿನಾಂಕ ಸಮೇತ ಹೇಳುತ್ತದೆ. ಅದನ್ನು ಓದದೆ ಕೇಬಲ್ ಬದಲಿಸುತ್ತಾ ಹೋಗುವುದು ಹೊತ್ತು ಕಳೆಯುವ ದಾರಿ.

ಇಂತಹ ತೊಂದರೆ ಸಣ್ಣ ಊರುಗಳ ಅಜ್ಞಾನದಿಂದ ಆಗುತ್ತದೆ ಎಂದು ಯಾರೂ ಭಾವಿಸಬೇಕಾಗಿಲ್ಲ. 2018ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ವಿಂಡೋಸ್ ಸರ್ವರ್ 2008 ಆರ್2 ಅಪ್‌ಡೇಟ್ ಕೆಲವು ಯಂತ್ರಗಳಲ್ಲಿ ಸ್ಥಿರ ಐಪಿ ವಿಳಾಸವನ್ನೇ ಅಳಿಸಿತ್ತು. 2022ರ ಆಗಸ್ಟ್ 30ರಂದು ಸಿಸ್ಟಂಡಿಯ ಅಪ್‌ಡೇಟ್ ಒಂದರಿಂದ ಅಜೂರ್ ಕ್ಲೌಡ್‌ನಲ್ಲಿದ್ದ ಉಬುಂಟು 18.04 (ಲಿನಕ್ಸ್‌ನ ಒಂದು ರೂಪ) ಯಂತ್ರಗಳಲ್ಲಿ ಡಿಎನ್‌ಎಸ್ ನಿಂತುಹೋಯಿತು. 2023ರ ಮಾರ್ಚ್ 8ರಂದು ಅಮೆರಿಕದ ಡೇಟಾಡಾಗ್ ಕಂಪನಿಯ ಸರ್ವರ್‌ಗಳಲ್ಲಿ ತಾನಾಗಿಯೇ ಆದ ಅಂತಹುದೇ ಅಪ್‌ಡೇಟ್ ನೆಟ್‌ವರ್ಕ್ ಮಾರ್ಗಗಳನ್ನು ಅಳಿಸಿಹಾಕಿ, ಇಡೀ ಸೇವೆಯನ್ನೇ ಕೆಡವಿತು. ಆದರೆ ಅಲ್ಲಿ ಯಂತ್ರದ ಒಳಹೊಕ್ಕು ನೋಡಬಲ್ಲ ಎಂಜಿನಿಯರ್‌ಗಳು ಆ ಕ್ಷಣದಲ್ಲೇ ಕೈಗೆ ಸಿಕ್ಕರು. ನಮ್ಮ ಸಂಸ್ಥೆಗಳ ನಿರ್ವಹಣಾ ಒಪ್ಪಂದಗಳು ಬೆಂಗಳೂರು ಅಥವಾ ಹೈದರಾಬಾದ್‌ನ ಏಜೆನ್ಸಿಗಳ ಜೊತೆ ಆಗಿರುತ್ತವೆ. ಅವರ ಎಂಜಿನಿಯರ್ ಸರ್ವರ್‌ಗೆ ಬರುವುದು ಅದೇ ನೆಟ್‌ವರ್ಕ್ ಮೂಲಕ, ನೆಟ್‌ವರ್ಕೇ ಇಲ್ಲವಾದಾಗ ಅವರು ಬರುವುದಾದರೂ ಹೇಗೆ? ಆಗ ಕೌಂಟರ್‌ನ ಹುಡುಗನೊಬ್ಬ ಮೊಬೈಲ್ ಕಿವಿಗಿಟ್ಟುಕೊಂಡು, ಸೊನ್ನೆ ಯಾವುದು ‘ಓ’ ಅಕ್ಷರ ಯಾವುದು ಎಂದು ತಿಳಿಯದೆ ಪರದೆಯ ಸಾಲುಗಳನ್ನು ಓದಿ ಹೇಳುತ್ತಾನೆ. ಅದೂ ಆಗದಿದ್ದರೆ ಎಂಜಿನಿಯರ್ ರಾತ್ರಿ ರೈಲು ಹತ್ತಿ ಬರುವವರೆಗೆ ಕೌಂಟರ್ ಮುಚ್ಚಿರುತ್ತದೆ.

ಒಮ್ಮೆ ಹೀಗಾದ ಮೇಲೆ ಕೆಲವು ಸಂಸ್ಥೆಗಳು ಅಪ್‌ಡೇಟ್‌ಗಳನ್ನೇ ನಿಲ್ಲಿಸಿಬಿಡುತ್ತವೆ. ಇದು ಅದಕ್ಕಿಂತ ದೊಡ್ಡ ಅಪಾಯ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶದ ಹಾವಳಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಸ್ತಬ್ಧಗೊಳಿಸಿದಾಗ, ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಅಪ್‌ಡೇಟ್ ಕೊಟ್ಟಾಗಿತ್ತು. ಹಾಕಿಕೊಳ್ಳದೆ ಉಳಿದವರು ಅದಕ್ಕೆ ಬೆಲೆ ತೆತ್ತರು. ರೋಗಿಗಳ ದಾಖಲೆ ಇಟ್ಟುಕೊಂಡ ಸಂಸ್ಥೆಗೆ ಅಪ್‌ಡೇಟ್ ಬಿಡುವ ಹಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪ್‌ಡೇಟ್ ಆಗಲಿ, ಆದರೆ ಅದೇ ದಿನ, ಜನ ಬರುವ ಹೊತ್ತಲ್ಲದ ಭಾನುವಾರ ಬೆಳಿಗ್ಗೆ, ಒಬ್ಬರು ಎದುರಿಗೆ ಕುಳಿತು ಸರ್ವರ್ ಅನ್ನು ರೀಬೂಟ್ ಮಾಡಿ, ಪ್ರತಿ ಕೌಂಟರ್‌ನಿಂದ ಸಂಪರ್ಕ ನೋಡಲಿ. ಕಾರ್ಡಿನ ಹೆಸರು, ಮ್ಯಾಕ್ ವಿಳಾಸ, ಐಪಿ, ಗೇಟ್‌ವೇ, ಡಿಎನ್‌ಎಸ್ ಸಂಖ್ಯೆಗಳನ್ನು ಬರೆದ ಹಾಳೆಯೊಂದು ಸರ್ವರ್ ಕೋಣೆಯ ಕಪಾಟಿನಲ್ಲಿ ಬೀಗದೊಳಗಿರಲಿ. ಇಂದು ಆ ಸಂಖ್ಯೆಗಳು ಸರ್ವರ್‌ನ ಒಳಗಷ್ಟೇ ಇರುತ್ತವೆ, ಇಲ್ಲವೇ ಕೆಲಸ ಬಿಟ್ಟುಹೋದ ಯಾರದೋ ನೆನಪಿನಲ್ಲಿ. ಮಾನಿಟರ್ ಮತ್ತು ಕೀಬೋರ್ಡ್ ಅಲ್ಲಿಯೇ ಜೋಡಿಸಿರಲಿ. ಬ್ರ್ಯಾಂಡೆಡ್ ಸರ್ವರ್‌ಗಳ ಹಿಂಬದಿಯಲ್ಲಿ ಐಡ್ರ್ಯಾಕ್, ಐಎಲ್‌ಒ ಎಂಬ ಪ್ರತ್ಯೇಕ ನಿರ್ವಹಣಾ ಪೋರ್ಟ್ ಇರುತ್ತದೆ. ಆಪರೇಟಿಂಗ್ ಸಿಸ್ಟಂನ ನೆಟ್‌ವರ್ಕ್ ಸತ್ತರೂ ಅದಕ್ಕೆ ಬೇಕಾದ ಲೈಸೆನ್ಸ್ ಇದ್ದರೆ ಅದರ ಮೂಲಕ ಪರದೆಯನ್ನು ದೂರದಿಂದ ನೋಡಬಹುದು. ಅಷ್ಟು ಹಣ ಕೊಟ್ಟು ಖರೀದಿಸಿದ ಯಂತ್ರದ ಆ ಪೋರ್ಟ್‌ಗೆ ಒಂದು ಕೇಬಲ್ ಹಾಕದೆ ಬಿಟ್ಟಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಅದನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡದೆ, ವಿಪಿಎನ್ (ಅನುಮತಿ ಇದ್ದವರಿಗಷ್ಟೇ ತೆರೆಯುವ ಖಾಸಗಿ ಸಂಪರ್ಕ) ಹಿಂದೆ ಇಟ್ಟು ಬಳಸಬೇಕು.

ಯಂತ್ರದ ಮುಂದೆ ಕುಳಿತುಕೊಳ್ಳುವವರನ್ನು ಹೊರಗಿನಿಂದ ತರಿಸಬೇಕಾಗಿಲ್ಲ. ನಮ್ಮಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ತಾಲ್ಲೂಕುಗಳ ಪಾಲಿಟೆಕ್ನಿಕ್‌ಗಳವರೆಗೆ ಕಂಪ್ಯೂಟರ್ ಕಲಿಯುವ ಮಕ್ಕಳಿದ್ದಾರೆ. ಲ್ಯಾಬ್‌ನ ವರ್ಚುವಲ್ ಯಂತ್ರವೊಂದರಲ್ಲಿ ಬೇಕೆಂದೇ ಕಾರ್ಡಿನ ಹೆಸರು ಕೆಡಿಸಿಟ್ಟು ‘ಪತ್ತೆ ಹಚ್ಚಿ’ ಎಂದು ಅವರಿಗೆ ಕೊಟ್ಟರೆ, ಪಾಠದಲ್ಲಿ ಸಿಗದ ಅಭ್ಯಾಸ ಸಿಗುತ್ತದೆ. ಸಂಸ್ಥೆಗಳು ತಮ್ಮ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ಮುಂದಿನ ಸಲ ನವೀಕರಿಸುವಾಗ, ಎರಡು ಗಂಟೆಯೊಳಗೆ ಸರ್ವರ್ ಬಳಿ ಬಂದು ನಿಲ್ಲಬಲ್ಲ ಸ್ಥಳೀಯ ವ್ಯಕ್ತಿಯೊಬ್ಬರ ಹೆಸರನ್ನು ಒಪ್ಪಂದದಲ್ಲಿಯೇ ನಮೂದಿಸಬೇಕೆಂಬ ಷರತ್ತು ಹಾಕಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ವರ್ ನಿರ್ವಹಣಾ ವೃತ್ತಿಯಲ್ಲಿರುವ ಓದುಗ
ಕಲಬುರಗಿ