ಫೋನಿಗಿಂತ ಮೊದಲು ಸಿಮ್, ಅದೂ ಅವ್ವನ ಹೆಸರಲ್ಲೇ

ಪ್ರೀತಿಯ ಶಿವು,

ಅವ್ವನಿಗೆ ಒಂದು ಟಚ್ ಫೋನ್ ಕೊಡಿಸಬೇಕಾ, ಮನೆಯಲ್ಲಿ ತಮ್ಮನ ಹತ್ತಿರ ಒಂದು ಇದೆಯಲ್ಲ, ಅಷ್ಟು ಸಾಲದಾ, ಅವ್ವ ಯಾರಿಂದಲಾದರೂ ಮೋಸ ಹೋದರೆ ಅಂತ ಕೇಳಿದ್ದೀಯ. ಒಂದು ಕಾಲ್ ಮಾಡಿ ಹೇಳಿ ಮುಗಿಸಬಹುದಿತ್ತು. ಆದರೆ ಹೇಳಬೇಕಾದದ್ದು ಜಾಸ್ತಿ ಇದೆ. ಊರಲ್ಲಿ ಅವ್ವನನ್ನು ಬಿಟ್ಟು ಪೀಣ್ಯದಲ್ಲೋ ಬಿಡದಿಯಲ್ಲೋ ದುಡಿಯುವ ಮಕ್ಕಳು ನೀನೊಬ್ಬನೇ ಅಲ್ಲವಲ್ಲ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಕೊಡಿಸು ಕಣೋ. ಆದರೆ ಫೋನಿಗಿಂತ ಮೊದಲು ಸಿಮ್ ಕೊಡಿಸು, ಅವರ ಹೆಸರಿನಲ್ಲೇ.

ಮೊದಲು ಊರಿನ ಸಮಾಚಾರ ಹೇಳುತ್ತೇನೆ. ನಾವು ಕಾಲೇಜಿಗೆ ಹೋಗುವಾಗ ಮದ್ದೂರು ಬಸ್ ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ಮುಂದೆ ನಿಂತು ಕಾಯುತ್ತಿದ್ದದ್ದು ನಿನಗೂ ನೆನಪಿರಬೇಕು. ದೇಶದ ಮೊದಲ ಮೊಬೈಲ್ ಕರೆ ಅದಕ್ಕೂ ಮೊದಲೇ, 1995ರ ಜುಲೈ 31ರಂದು, ಕಲ್ಕತ್ತಾದಿಂದ ದೆಹಲಿಗೆ ಹೋಗಿತ್ತು. ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಮಾತಾಡಿದ್ದು ಕೇಂದ್ರ ಸಚಿವ ಸುಖ್ ರಾಮ್ ಜೊತೆ. ಆಗ ಮಾಡಿದ ಕರೆಗಷ್ಟೇ ಅಲ್ಲ, ಬಂದ ಕರೆಗೂ ದುಡ್ಡು. ಅಂಥ ಫೋನನ್ನು ಕಬ್ಬು ಬೆಳೆಯುವವನು ಯಾಕೆ ಇಟ್ಟುಕೊಳ್ಳುತ್ತಾನೆ? 2003ರಲ್ಲಿ ಬರುವ ಕರೆ ಫ್ರೀ ಆಯಿತು ನೋಡು, ಆಮೇಲೆ ತಾನೇ ಅದು ನಮ್ಮವರ ಜೇಬಿಗೆ ಇಳಿದಿದ್ದು.

ಈಗ ಹೊಲದ ಕಡೆ ಬಾ. ಫೋನಿನಿಂದಲೇ ಪಂಪ್‌ಸೆಟ್ ಹಾಕಿ ಆರಿಸುವ ಮೊಬೈಲ್ ಸ್ಟಾರ್ಟರ್ ಬಗ್ಗೆ ನೀನು ಕೇಳಿರುತ್ತೀಯ, ಆದರೆ ಅದು ಏನು ಮಾಡಿದೆ ಅಂತ ಇಲ್ಲಿದ್ದರೇ ಗೊತ್ತಾಗೋದು. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಅಂತ ಲೆಕ್ಕ. ಅದು ಹಗಲಿಗೂ ಬರಬಹುದು, ನಡುರಾತ್ರಿಗೂ ಬರಬಹುದು. ರಾತ್ರಿ ಪಾಳಿ ಬಂದಾಗ ನಮ್ಮಪ್ಪ, ನಿಮ್ಮಪ್ಪ ಎಲ್ಲ ಟಾರ್ಚ್ ಹಿಡಿದು ಬದುವಿನ ಮೇಲೆ ನಡೆದು ಹೋಗಿ ಮೋಟರ್ ಹಾಕಿ ಬರುತ್ತಿದ್ದರು. ಹೋಗುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಮತ್ತೆ ವಾಪಸ್, ಮತ್ತೆ ಎದ್ದು ಹೋಗೋದು. ಹಾವಿನ ಭಯ ಮೊದಲಿಂದ ಇದ್ದದ್ದೇ. ಈಚೆಗೆ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತಿದೆ, ರಾತ್ರಿ ಹೊತ್ತು ಒಬ್ಬರೇ ಹೋಗೋಕೆ ಯಾರಿಗೂ ಧೈರ್ಯ ಇಲ್ಲ.

ಈಗ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಒಂದು ಸಣ್ಣ ಸಾಧನ, ಅದರಲ್ಲೊಂದು ಸಿಮ್. ಕರೆಂಟು ಬಂದ ಕೂಡಲೇ ಅದೇ ನಮಗೆ ಕಾಲ್ ಮಾಡುತ್ತದೆ. ನಾವು ಹಾಸಿಗೆಯಲ್ಲೇ ಮಲಗಿ ಒಂದು ನಂಬರ್ ಒತ್ತಿದರೆ ಮೋಟರ್ ಶುರು, ಇನ್ನೊಂದು ಒತ್ತಿದರೆ ನಿಂತಿತು. ಒಂದು ಫೇಸ್ ಇಲ್ಲದಿದ್ದರೆ ಅದು ಮೋಟರ್ ಹಾಕುವುದೇ ಇಲ್ಲ. ಬೋರ್‌ವೆಲ್‌ನಲ್ಲಿ ನೀರು ಕಮ್ಮಿಯಾದರೆ ತಾನೇ ನಿಲ್ಲಿಸುವಂಥವೂ ಬಂದಿವೆ, ಅದರಿಂದ ಮೋಟರ್ ಸುಡುವುದು ತಪ್ಪುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಡ, ದೊಡ್ಡ ಫೋನ್ ಬೇಡ. ಹಳೇ ಕೀಪ್ಯಾಡ್ ಫೋನ್, ಟವರ್ ಸಿಗ್ನಲ್ ಇದ್ದರೆ ಸಾಕು. ತಂತಿ ಇಲ್ಲದ ಈ ಸಂಪರ್ಕದಿಂದ ನಮ್ಮ ರೈತರಿಗೆ ಆದ ಅತಿ ದೊಡ್ಡ ಉಪಕಾರ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ನಮ್ಮಪ್ಪನ ವಯಸ್ಸಿನವರು ಈಗ ರಾತ್ರಿ ನಿದ್ದೆ ಮಾಡುತ್ತಿದ್ದಾರೆ ಕಣೋ.

ಆದರೆ ಒಂದು ಮಾತು ಗಮನಿಸು. ಆ ಪೆಟ್ಟಿಗೆ ಎಲ್ಲರ ಮಾತೂ ಕೇಳುವುದಿಲ್ಲ. ಯಾವ ನಂಬರ್ ಅದರಲ್ಲಿ ಸೇರಿಸಿರುತ್ತೇವೋ ಆ ನಂಬರಿಗೆ ಮಾತ್ರ ಮೋಟರ್ ಓಡುತ್ತದೆ. ನಾನು ಹೇಳಬೇಕೆಂದಿರುವ ವಿಷಯವೇ ಇದು. ಸ್ವಲ್ಪ ತಡಿ, ಅಲ್ಲಿಗೇ ಬರುತ್ತೇನೆ.

ವ್ಯಾಪಾರವೂ ಹೀಗೇ ಬದಲಾಗಿದೆ. ಆಲೆಮನೆಯವರು ಮೊದಲು ಬೆಲ್ಲ ತುಂಬಿಕೊಂಡು ಮಂಡ್ಯ ಮಾರ್ಕೆಟ್‌ಗೆ ಹೋದ ಮೇಲೇ ಅವತ್ತಿನ ರೇಟು ತಿಳಿಯುತ್ತಿತ್ತು. ಅಷ್ಟು ದೂರ ಹೋದ ಮೇಲೆ ಬಂದಷ್ಟಕ್ಕೆ ಕೊಟ್ಟು ಬರಬೇಕು, ವಾಪಸ್ ತರೋಕಾಗುತ್ತದಾ? ಈಗ ಬೆಳಿಗ್ಗೆಯೇ ಅಚ್ಚು ಬೆಲ್ಲ ಎಷ್ಟು, ಕುರಿಕಟ್ಟು ಎಷ್ಟು, ಬಕೆಟ್ ಬೆಲ್ಲ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಮದ್ದೂರಿನ ಎಳನೀರು ಮಾರ್ಕೆಟ್‌ನಲ್ಲೂ ಅಷ್ಟೇ. ಹೊರಗಿನ ಊರುಗಳಲ್ಲಿ ಬೇಡಿಕೆ ಎಷ್ಟಿದೆ ಅಂತ ಫೋನಿನಲ್ಲಿ ತಿಳಿದುಕೊಂಡೇ ಇಲ್ಲಿ ರೇಟು ಮಾತಾಡುತ್ತಾರೆ. ಮಳೆಗಾಲದಲ್ಲಂತೂ ಊರಿನ ಎಲ್ಲ ಗ್ರೂಪ್‌ಗಳಲ್ಲೂ ಕೆಆರ್‌ಎಸ್ ಮಟ್ಟದ್ದೇ ಮಾತು. 124.80 ಅಡಿ ಮುಟ್ಟಿ ಅಣೆಕಟ್ಟು ತುಂಬುವವರೆಗೂ ಯಾರಿಗೂ ಸಮಾಧಾನ ಇರುವುದಿಲ್ಲ. ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂತ ತಿಳಿದರೆ ಭತ್ತದ ಸಸಿಗೆ ಒಟ್ಟಲು ಹಾಕುವುದನ್ನು ಯೋಚನೆ ಮಾಡಬಹುದಲ್ವಾ.

2016ರಲ್ಲಿ ಯುಪಿಐ ಬಂತು, ಅದೇ ವರ್ಷ ನೋಟು ರದ್ದಾಯಿತು. ಆಮೇಲಿನದ್ದು ನಿನಗೂ ಗೊತ್ತು. ಈಗ ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಒಂದು ಮೊಳ ಹೂವಿಗೂ ಸ್ಕ್ಯಾನ್ ಮಾಡುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದನ್ನು ನೀನೇ ನೋಡಿದ್ದೀಯ. ಇಲ್ಲಿಯವರೂ ಹೆದರಿದ್ದರು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಬೇಕು, ಹಾಲು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಅನ್ನೋದನ್ನು ಯಾರಾದರೂ ಮೊದಲೇ ಕನ್ನಡದಲ್ಲಿ ಕೂತು ಬಿಡಿಸಿ ಹೇಳಿದ್ದರೆ ಅಷ್ಟು ಭಯ ಆಗುತ್ತಿರಲಿಲ್ಲ. ಫೋನ್ ಬೇಗ ಬರುತ್ತದೆ, ಅದರ ತಿಳಿವಳಿಕೆ ನಿಧಾನಕ್ಕೆ ಬರುತ್ತದೆ. ನನಗೆ ಬೇಜಾರಾಗೋದು ಇದೇ.

ಈಗ ಅವ್ವನ ವಿಷಯ. ನಿಮ್ಮ ಮನೆಯಲ್ಲಿ ಹಸು ನೋಡುವವರು ಯಾರು? ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಹುಲ್ಲು ಹಾಕಿ, ಕರೆದು, ಡೈರಿಗೆ ಹಾಲು ಹಾಕಿ ಬರುವವರು ಅವರೇ. ಮೊದಲು ಬಟವಾಡೆ ದಿನ ಡೈರಿಯಲ್ಲಿ ಕೈಗೆ ದುಡ್ಡು ಸಿಗುತ್ತಿತ್ತು. ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದರು. ಎಷ್ಟು ಬಂತು, ಎಷ್ಟು ಖರ್ಚಾಯಿತು ಅನ್ನೋದು ಅವರಿಗೆ ಗೊತ್ತಿರುತ್ತಿತ್ತು. ಈಗ ಫ್ಯಾಟು, ತೂಕ ಎಲ್ಲ ಮೆಷಿನ್ನೇ ನೋಡುತ್ತದೆ, ಹಣ ನೇರ ಖಾತೆಗೆ ಹೋಗುತ್ತದೆ. ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ. ಗೃಹಲಕ್ಷ್ಮಿ ಯೋಜನೆಯನ್ನು 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ ಶುರು ಮಾಡಿದರು. ಅದರ ತಿಂಗಳ 2,000 ರೂಪಾಯಿ ಕೂಡ ಯಜಮಾನಿಯ ಖಾತೆಗೇ. ಇದು ಒಳ್ಳೆಯದೇ. ನಡುವೆ ಯಾರೂ ಮುರಿದುಕೊಳ್ಳುವುದಿಲ್ಲ.

ಆದರೆ ಮೆಸೇಜು ಯಾರ ಫೋನಿಗೆ ಬರುತ್ತದೆ? ಖಾತೆ ತೆರೆಯುವಾಗ ಅವ್ವನ ಹತ್ತಿರ ಫೋನ್ ಇರಲಿಲ್ಲ, ತಮ್ಮನ ನಂಬರ್ ಕೊಟ್ಟರು. ಊರಿನ ಎಷ್ಟೋ ಮನೆಗಳಲ್ಲಿ ಹೀಗೇ. ನಾನು ಡೈರಿ ಹತ್ತಿರ ನಿಂತಾಗ ಹೆಂಗಸರು ಕೇಳುತ್ತಾರೆ, ಈ ಸಲದ ದುಡ್ಡು ಬಂತಾ ಅಂತ. ಅವರದೇ ಹಾಲು, ಅವರದೇ ಖಾತೆ, ಕೇಳಬೇಕಾಗಿರೋದು ಇನ್ನೊಬ್ಬರನ್ನ. ನಿನ್ನ ತಮ್ಮ ಒಳ್ಳೆಯವನು, ಒಂದು ರೂಪಾಯಿ ಆ ಕಡೆ ಈ ಕಡೆ ಮಾಡುವವನಲ್ಲ, ನನಗೆ ಗೊತ್ತು. ಆದರೂ ದುಡಿದವರಿಗೆ ತಮ್ಮ ದುಡ್ಡು ಬಂದದ್ದು ತಾವಾಗಿಯೇ ತಿಳಿಯಬೇಕಲ್ವಾ? ಔಷಧಿಗೋ ಮೊಮ್ಮಗಳ ಬಳೆಗೋ ಯಾರನ್ನೂ ಕೇಳದೆ ಖರ್ಚು ಮಾಡುವ ಹಕ್ಕು ಅವರಿಗೆ ಮೊದಲು ಇತ್ತು. ಅದು ಈಗ ಸದ್ದಿಲ್ಲದೆ ಕೈತಪ್ಪುತ್ತಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಅಂದ ಹೆಣ್ಣುಮಕ್ಕಳು ದೇಶದಲ್ಲಿ ನೂರಕ್ಕೆ 54 ಮಾತ್ರ.

ತಂತಿಯಿಲ್ಲದ ಮಾತು ನಮ್ಮ ಕಡೆಗೆ ಹೊಸದೇನಲ್ಲ. ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲೇ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದರು. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ರೇಡಿಯೋ ಪಡಸಾಲೆಯಲ್ಲಿ ಹಾಡಿದರೆ ಅಡುಗೆಮನೆಗೂ ಕೇಳುತ್ತಿತ್ತು, ಕೊಟ್ಟಿಗೆಗೂ ಕೇಳುತ್ತಿತ್ತು. ಫೋನ್ ಹಾಗಲ್ಲ. ಅದು ಒಂದು ನಂಬರಿಗೆ, ಒಂದು ಕೈಗೆ ಬರುವಂಥದ್ದು. ಮನೆಯಲ್ಲಿ ಒಂದು ಇದೆಯಲ್ಲ ಅಂತ ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದು.

ಇನ್ನು ಕೆಲಸದ ಮಾತು. ಸಿಮ್ ಅವ್ವನ ಆಧಾರ್‌ನಲ್ಲೇ ತೆಗೆಸು. ನಿನ್ನ ಹೆಸರಲ್ಲಿ ತೆಗೆದು ಕಳಿಸಬೇಡ. ನಾಳೆ ಫೋನ್ ಕಳೆದರೆ ಅದೇ ನಂಬರಿನ ಸಿಮ್ ವಾಪಸ್ ಪಡೆಯಲು ನೀನೇ ಬರಬೇಕಾಗುತ್ತದೆ. ಆಮೇಲೆ ಬ್ಯಾಂಕಿಗೆ ಹೋಗಿ ಖಾತೆಗೆ ಈ ನಂಬರ್ ಹಾಕಿಸಬೇಕು, ಆಧಾರ್‌ಗೂ ಹಾಕಿಸಬೇಕು. ಯುಪಿಐ ಶುರು ಮಾಡುವಾಗ ಫೋನಿನಲ್ಲಿರುವ ಸಿಮ್‌ನಿಂದಲೇ ಒಂದು ಮೆಸೇಜ್ ಹೋಗಿ ಬ್ಯಾಂಕಿನಲ್ಲಿರುವ ನಂಬರ್ ಜೊತೆ ತಾಳೆ ಆಗುತ್ತದೆ. ಅದು ಬೇರೆ ನಂಬರ್ ಆಗಿದ್ದರೆ ಎಷ್ಟು ದುಬಾರಿ ಫೋನ್ ಕೊಡಿಸಿದರೂ ಅವ್ವನ ದುಡ್ಡು ಅದರಲ್ಲಿ ಕಾಣುವುದಿಲ್ಲ. ಟಚ್ ಫೋನ್ ಕಷ್ಟ ಅಂದರೆ ಕೀಪ್ಯಾಡ್ ಫೋನೇ ಸಾಕು. ಅಂಥ ಫೋನಿನಲ್ಲೂ ದುಡ್ಡು ಕಳಿಸುವ ವ್ಯವಸ್ಥೆ 2022ರಲ್ಲೇ ಬಂದಿದೆ. ರೀಚಾರ್ಜ್ ಮಾತ್ರ ಮರೀಬೇಡ. 90 ದಿನ ಬಳಸದೇ ಬಿಟ್ಟ ನಂಬರನ್ನು ಕಂಪನಿಯವರು ಮುಚ್ಚಿ ಮುಂದೆ ಇನ್ನೊಬ್ಬರಿಗೆ ಕೊಡಬಹುದು. ಆಗ ಅವ್ವನ ಖಾತೆಯ ಒಟಿಪಿ ಯಾರೋ ಗೊತ್ತಿಲ್ಲದವರಿಗೆ ಹೋಗುತ್ತದೆ.

ಮೋಸ ಹೋದರೆ ಅನ್ನೋ ನಿನ್ನ ಭಯ ಸುಮ್ನೆ ಅಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅವ್ವನಿಗೆ ಎಲ್ಲವನ್ನೂ ಒಟ್ಟಿಗೆ ಹೇಳಬೇಡ. ಇಷ್ಟು ಹೇಳು. ದುಡ್ಡು ಬರೋದಕ್ಕೆ ಪಿನ್ ಬೇಡ, ಹೋಗೋದಕ್ಕೆ ಪಿನ್ ಬೇಕು. ದುಡ್ಡು ಹಾಕುತ್ತೇವೆ ಪಿನ್ ಒತ್ತಿ ಅಂದವನು ಕಳ್ಳ. ಒಟಿಪಿ ಕೇಳಿದವನೂ ಕಳ್ಳ, ಬ್ಯಾಂಕಿನವರು ಅಂತ ಹೇಳಿದರೂ ಅಷ್ಟೇ. ಪೊಲೀಸ್ ವೇಷ ಹಾಕಿ ವಿಡಿಯೋ ಕಾಲ್‌ನಲ್ಲಿ ಡಿಜಿಟಲ್ ಅರೆಸ್ಟ್ ಅಂದರೆ ಕಟ್ ಮಾಡಬೇಕು, ಕಾನೂನಿನಲ್ಲಿ ಅಂಥದ್ದೇ ಇಲ್ಲ. ಇಷ್ಟಾದರೂ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್. ಬೇಗ ತಿಳಿಸಿದಷ್ಟೂ ಆ ಹಣ ಮುಂದೆ ದಾಟದಂತೆ ತಡೆಯೋಕೆ ಆಗುತ್ತದೆ. ಈ ನಂಬರನ್ನು ಗೋಡೆ ಮೇಲೆ ಕ್ಯಾಲೆಂಡರ್ ಪಕ್ಕ ದೊಡ್ಡದಾಗಿ ಬರೆದಿಡೋಣ.

ಕಲಿಸೋದು ನನಗೆ ಬಿಡು. ನನ್ನ ಹೆಂಡತಿಯೂ ಬರುತ್ತೇನೆ ಅಂದಿದ್ದಾಳೆ. ಅವಳ ಹತ್ತಿರ ಆದರೆ ಅವ್ವ ಸಂಕೋಚ ಇಲ್ಲದೆ ಹತ್ತು ಸಲ ಕೇಳುತ್ತಾರೆ. ಡೈರಿಗೆ ಬರುವ ಉಳಿದ ಹೆಂಗಸರನ್ನೂ ಕರೆದು ಒಟ್ಟಿಗೆ ಕೂರಿಸಬೇಕು ಅಂತ ಇಬ್ಬರೂ ಯೋಚನೆ ಮಾಡಿದ್ದೇವೆ.

ನೀನು ಮುಂದಿನ ಸಲ ಬರುವಾಗ ಭಾನುವಾರ ಬೇಡ, ಬ್ಯಾಂಕ್ ತೆರೆದಿರುವ ದಿನ ರಜೆ ಹಾಕಿ ಬಾ. ಅವ್ವನ ಪಾಸ್‌ಬುಕ್ಕು, ಆಧಾರ್ ಕಾರ್ಡು ತೆಗೆದಿಡೋಕೆ ಇವತ್ತೇ ಹೇಳು. ತಮ್ಮನಿಗೂ ನೀನೇ ಮೊದಲು ಮಾತಾಡು, ನನ್ನ ಮೇಲೆ ನಂಬಿಕೆ ಇಲ್ಲವಾ ಅಂತ ಅವನು ಅಂದುಕೊಳ್ಳಬಾರದು. ಬೆಳಿಗ್ಗೆ ಡೈರಿ ಕೆಲಸ ಮುಗಿಸಿಕೊಂಡು ನಾನು ಗಾಡಿ ತರುತ್ತೇನೆ, ನಾಲ್ಕೂ ಜನ ಮದ್ದೂರಿಗೆ ಹೋಗಿ ಬರೋಣ.

ನಿನ್ನ
ರಾಜು