ಸೆಖೆ ಇದೆ ಅಂತಲೇ ನಿಮ್ಮ ಕಂಟ್ರೋಲರ್ ಕೊಂಡಿದ್ದು

ಬೈತಖೋಲ, ಕಾರವಾರ
ಮೇ 19, 2025

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ತಪ್ಪು ಡಿಗ್ರಿ ತೋರಿಸಿದ ಟೆಂಪರೇಚರ್ ಕಂಟ್ರೋಲರ್, ಅದರಿಂದ ಹಾಳಾದ 19 ಲೀಟರ್ ಪೇಲ್ ಏಲ್ ಬಿಯರ್, ಮತ್ತು ನನ್ನ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೂ ಉತ್ತರ ಬಂದಿದೆ. ಆದರೆ ಒಂದೂ ನಾನು ಕೇಳಿದ್ದಕ್ಕೆ ಬಂದ ಉತ್ತರ ಅಲ್ಲ. ಮೊದಲನೆಯದರಲ್ಲಿ "ನಿಮ್ಮ ಊರಿನಲ್ಲಿ ಸೆಖೆ ಜಾಸ್ತಿ, ಅದಕ್ಕೇ ಹೀಗಾಗಿದೆ" ಎಂದಿರಿ. ಸ್ವಾಮಿ, ಏಪ್ರಿಲ್ ತಿಂಗಳ ಕಾರವಾರದಲ್ಲಿ ಸೆಖೆ ಇರುತ್ತದೆ ಎಂದು ನೀವು ನನಗೆ ಹೇಳಿಕೊಡಬೇಕಾ? ಸೆಖೆ ಇದೆ ಅಂತಲೇ ಅಲ್ವಾ ನಾನು 2,450 ರೂಪಾಯಿ ಕೊಟ್ಟು ನಿಮ್ಮ ಕಂಟ್ರೋಲರ್ ಕೊಂಡಿದ್ದು. ಕೊಡೆ ಸೋರುತ್ತದೆ ಎಂದು ಅಂಗಡಿಗೆ ಹೋದರೆ "ನಿಮ್ಮಲ್ಲಿ ಮಳೆ ಜಾಸ್ತಿ" ಅಂದ ಹಾಗಾಯಿತು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕಡೆಯವರು ಪ್ರತಿ ಸಲವೂ ಬೇರೆ ಬೇರೆ.

ನಮ್ಮ ಭಾವ ಹಡಗಿನಲ್ಲಿ ಕೆಲಸ ಮಾಡುವವರು. ಹಿಂದಿನ ವರ್ಷ ರಜೆಗೆ ಬಂದಾಗ ಅಮೆರಿಕನ್ ಪೇಲ್ ಏಲ್ ಬಾಟಲಿ ಎರಡು ತಂದಿದ್ದರು. ಅದರ ವಾಸನೆ ಇವತ್ತಿಗೂ ಮೂಗಲ್ಲಿದೆ. ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಚಿವುಟಿದರೆ ಹಾರುತ್ತದಲ್ಲ, ಅದೇ ಪರಿಮಳ. ಅದು ಕ್ಯಾಸ್ಕೇಡ್ ಎನ್ನುವ ಹಾಪ್ಸ್‌ನದು (ಹಾಪ್ಸ್ ಅಂದರೆ ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು), 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ತಳಿ ಎಂದು ಆಮೇಲೆ ಓದಿ ತಿಳಿದುಕೊಂಡೆ. ಕ್ಯಾಲಿಫೋರ್ನಿಯಾದ ಚಿಕೊ ಊರಿನ ಸಿಯೆರಾ ನೆವಾಡಾ ಎನ್ನುವ ಬಿಯರ್ ಕಂಪನಿಯವರು 1980ರಲ್ಲಿ ಅದನ್ನು ಧಾರಾಳವಾಗಿ ಹಾಕಿ ಪೇಲ್ ಏಲ್ ಮಾಡಿದರು, ಈ ಬಗೆಯ ಬಿಯರ್ ಹೆಸರುವಾಸಿಯಾದದ್ದು ಅಲ್ಲಿಂದ. ಮನೆಯಲ್ಲೇ ಬಿಯರ್ ಮಾಡುವ ನಿಮ್ಮ ಕಿಟ್‌ನ ಡಬ್ಬದ ಮೇಲೂ "ಕ್ಯಾಸ್ಕೇಡ್ 100 ಗ್ರಾಂ" ಎಂದು ದಪ್ಪ ಅಕ್ಷರದಲ್ಲಿತ್ತು. ಕಿಟ್‌ಗೆ 6,900, ಕಂಟ್ರೋಲರ್‌ಗೆ ಬೇರೆ ದುಡ್ಡು. ಏಪ್ರಿಲ್ 18ಕ್ಕೆ ಎರಡೂ ಕೈಸೇರಿದವು.

ಏಪ್ರಿಲ್ 26ರ ಶನಿವಾರ ಸಂಜೆ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯ ಸಾರ) ನೀರಿನಲ್ಲಿ ಕರಗಿಸಿ ಒಂದು ಗಂಟೆ ಕುದಿಸಿದೆ. 20 ಗ್ರಾಂ ಹಾಪ್ಸ್ ಕುದಿ ಬಂದ ಕೂಡಲೇ, 30 ಗ್ರಾಂ ಒಲೆ ಆರಿಸುವಾಗ, ಉಳಿದ 50 ಗ್ರಾಂ ಕೊನೆಗೆಂದು ತೆಗೆದಿಟ್ಟೆ. ಕುದಿಸಿದ ಪಾತ್ರೆಯನ್ನು ಮೀನಿನ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಐಸ್ ತುಂಬಿ ಕೂರಿಸಿ ತಣಿಸಿದೆ. ಐಸ್‌ಗೆ ನಮ್ಮಲ್ಲಿ ಬರವಿಲ್ಲ. ಇಲ್ಲಿಯ ಐಸ್ ಪ್ಲಾಂಟ್‌ಗಳ ಕಂಪ್ರೆಸರ್ ರಿಪೇರಿಯೇ ನನ್ನ ಹೊಟ್ಟೆಪಾಡು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ತಂಪು ಮಾಡುವುದು ನನಗೆ ಹೊಸದಲ್ಲ.

ನಂತರ ಅದನ್ನು ಡ್ರಮ್ಮಿಗೆ ಸುರಿದು, ಡ್ರಮ್ಮನ್ನು ಹಳೆಯ ಫ್ರಿಜ್‌ನಲ್ಲಿಟ್ಟು, ಕಂಟ್ರೋಲರ್‌ನ ಸೆನ್ಸರನ್ನು ಡ್ರಮ್ಮಿನ ಮೈಗೆ ಅಂಟಿಸಿ, ಮೇಲೆ ಸ್ಪಂಜು ಸುತ್ತಿದೆ. 19 ಡಿಗ್ರಿಗೆ ಸೆಟ್ ಮಾಡಿದೆ, ಅದಕ್ಕಿಂತ ಬಿಸಿಯಾದರೆ ಕಂಟ್ರೋಲರ್ ಫ್ರಿಜ್ ಚಾಲೂ ಮಾಡಬೇಕು. ಡಿಸ್‌ಪ್ಲೇ 13 ತೋರಿಸಿತು. ಐಸ್ ಹೆಚ್ಚಾಯಿತು ಅಂದುಕೊಂಡು ಫ್ರಿಜ್ ಬಾಗಿಲು ತೆರೆದಿಟ್ಟು ಮಲಗಿದೆ. ಬೆಳಿಗ್ಗೆ 17 ಇತ್ತು. ಸರಿ, ಯೀಸ್ಟ್ ಹಾಕಿದೆ. ಆಗಲೇ ಸಂಶಯ ಬರಬೇಕಿತ್ತು. ಹೊಸ ಮಾಲು ಎಂದು ನಂಬಿ ಮೊದಲು ಪರೀಕ್ಷಿಸದೆ ಹೋದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮೊದಲ ಮೂರು ದಿನವೇ ಈ ಕೆಲಸದಲ್ಲಿ ಮುಖ್ಯ. ಯೀಸ್ಟ್ ಒಂದಕ್ಕೆ ಹಲವಾಗಿ ಬೆಳೆಯುವ ಹೊತ್ತು ಅದು, ಬೆಳೆಯುವಾಗ ತಾನೇ ಶಾಖ ಹುಟ್ಟಿಸುತ್ತದೆ. ಹೊರಗಿನ ಗಾಳಿಗಿಂತ ಡ್ರಮ್ಮಿನೊಳಗೆ ಮೂರ್ನಾಲ್ಕು ಡಿಗ್ರಿ ಜಾಸ್ತಿ ಇರುವುದು ಮಾಮೂಲು. 18ರಿಂದ 20ರಲ್ಲಿ ಹಿಡಿದಿಟ್ಟರೆ ಈ ಯೀಸ್ಟ್ ಸುಮ್ನೆ ತನ್ನ ಪಾಡಿಗೆ ಕೆಲಸ ಮಾಡಿ ಹಾಪ್ಸ್‌ಗೆ ಜಾಗ ಬಿಡುತ್ತದೆ. 30ರ ಹತ್ತಿರ ಬಿಟ್ಟರೆ ಹಣ್ಣಿನ ವಾಸನೆ, ಅದರ ಹಿಂದೆ ಗಂಟಲು ಸುಡುವ ಘಾಟು. ನಮ್ಮ ಮನೆಯ ಇಡ್ಲಿ ಹಿಟ್ಟಿಗೂ ಇದೇ ಕಥೆ: ಡಿಸೆಂಬರ್‌ನಲ್ಲಿ ಬೆಳಗಾದರೂ ಉಬ್ಬುವುದಿಲ್ಲ, ಮೇ ತಿಂಗಳಲ್ಲಿ ಮಧ್ಯರಾತ್ರಿಗೇ ಹುಳಿ.

ಆ ಮೂರು ದಿನ ಡಿಸ್‌ಪ್ಲೇ 18, 19, 19.3 ತೋರಿಸುತ್ತಲೇ ಇತ್ತು. ಏರ್‌ಲಾಕ್ (ಡ್ರಮ್ಮಿನ ಗ್ಯಾಸನ್ನು ನೀರಿನ ಮೂಲಕ ಹೊರಬಿಡುವ ಮುಚ್ಚಳ) ಮಾತ್ರ ಅನ್ನದ ಪಾತ್ರೆ ಹಾಗೆ ಕುದಿಯುತ್ತಿತ್ತು. ಫ್ರಿಜ್ ಸದ್ದು ತೀರಾ ಕಮ್ಮಿ. ಕರೆಂಟ್ ಕೈಕೊಟ್ಟಿರಲಿಲ್ಲ. ಮೇ 2ಕ್ಕೆ ಉಳಿದ 50 ಗ್ರಾಂ ಕ್ಯಾಸ್ಕೇಡ್ ಹಾಕಿದೆ. ಮೇ 8ರ ರಾತ್ರಿ ಒಂದು ಲೋಟ ತೆಗೆದೆ. ಚಕ್ಕೋತ ಎಲ್ಲೋ ದೂರದಲ್ಲಿ. ಮುಂದೆ ಬಂದದ್ದು ಕರಿ ಚುಕ್ಕೆ ಬಿದ್ದ ಬಾಳೆಹಣ್ಣು, ಅದರ ಬೆನ್ನಿಗೇ ಪೇಂಟ್‌ಗೆ ಬೆರೆಸುವ ತಿನ್ನರ್. ಆಯಿ ಲೋಟಕ್ಕೆ ಮೂಗು ಹತ್ತಿರ ತಂದು, "ಇದನ್ನು ಕುಡಿಯಬೇಡ ಮಗಾ, ಬಾಗಿಲಿಗೆ ಬಳಿ" ಅಂದಳು.

ಆ ರಾತ್ರಿಯೇ ಸೆನ್ಸರ್ ಬಿಚ್ಚಿದೆ. ಪುಡಿ ಐಸ್ ಮತ್ತು ನೀರು ಕಲಸಿದ ಲೋಟದಲ್ಲಿ ಮುಳುಗಿಸಿದರೆ ಸೊನ್ನೆ ತೋರಿಸಬೇಕು. ತೋರಿಸಿದ್ದು ಮೈನಸ್ 2.6. ಬಿಸಿನೀರು ಹದ ಮಾಡಿ ಜ್ವರದ ಥರ್ಮಾಮೀಟರ್ ಹಾಕಿದೆ, 38 ಬಂತು. ಅದೇ ನೀರಿನಲ್ಲಿ ನಿಮ್ಮ ಸೆನ್ಸರ್ ಹೇಳಿದ್ದು 23.4! ಬಿಸಿ ಏರಿದಷ್ಟೂ ಸುಳ್ಳು ದೊಡ್ಡದು. ಡಿಸ್‌ಪ್ಲೇ 19 ಅಂದಾಗ ನನ್ನ ಡ್ರಮ್ 30ರಲ್ಲಿ ಬೇಯುತ್ತಿತ್ತು.

ನಿಮ್ಮ ಎರಡನೇ ಉತ್ತರ ಬಂದದ್ದು ಇದಕ್ಕೇ. "ಮೆನುವಿನಲ್ಲಿ ಕ್ಯಾಲಿಬ್ರೇಶನ್ ಇದೆ, ವ್ಯತ್ಯಾಸವನ್ನು ಸೇರಿಸಿಕೊಳ್ಳಿ" ಎಂದಿರಿ. ಎಷ್ಟನ್ನು ಸೇರಿಸಲಿ? ಐಸಿನಲ್ಲಿ ಎರಡೂವರೆ, ಬಿಸಿನೀರಿನಲ್ಲಿ ಹದಿನಾಲ್ಕೂವರೆ. ಒಂದೇ ಅಂಕಿ ಎರಡಕ್ಕೂ ಹೇಗೆ ಹೊಂದುತ್ತದೆ? ಬರೆದವರು ನನ್ನ ಪತ್ರವನ್ನು ಓದಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ.

ಕಾರಣವನ್ನೂ ನಾನೇ ಹುಡುಕಿದೆ. ನಿಮ್ಮ ಸೆನ್ಸರ್ 10 ಕಿಲೋಓಮ್‌ನದು: ಕರೆಂಟಿಗೆ ಅದು ಒಡ್ಡುವ ತಡೆ 25 ಡಿಗ್ರಿಯಲ್ಲಿ 10 ಕಿಲೋಓಮ್, ಬಿಸಿ ಏರಿದಂತೆ ಇಳಿಯುತ್ತದೆ. 30 ಡಿಗ್ರಿಯ ಕೋಣೆಯಲ್ಲಿ ತಂತಿಗೆ ನೇರವಾಗಿ ಮೀಟರ್ ಹಿಡಿದರೆ 8 ಬಂತು, ಸರಿಯಾಗಿಯೇ ಇದೆ. ಟರ್ಮಿನಲ್ ಮೂಲಕ ಹಿಡಿದರೆ 13. ನಡುವೆ ಎಲ್ಲಿಂದಲೋ 5 ಕಿಲೋಓಮ್ ಬಂದು ಕೂತಿದೆ. ತಡೆ ಜಾಸ್ತಿ ಕಂಡರೆ ಕಂಟ್ರೋಲರ್ ತಂಪಾಗಿದೆ ಎಂದೇ ತಿಳಿಯುತ್ತದೆ. ಹಿಂಬದಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಸೆನ್ಸರಿನ ಒಂದು ತಂತಿ ಸ್ಕ್ರೂ ಒಳಗೆ ಹೋಗುವ ಕಡೆ ಹಸಿರು ಕಿಲುಬು, ದೇವರ ಕೋಣೆಯಲ್ಲಿ ಬೆಳಗದೆ ಬಿಟ್ಟ ತಾಮ್ರದ ತಂಬಿಗೆಯ ಹಾಗೆ.

ಉಪ್ಪು ಗಾಳಿಯಿಂದ ಆಗಿದೆ ಎಂದು ನೀವು ಹೇಳುವ ಮೊದಲೇ ಹೇಳಿಬಿಡುತ್ತೇನೆ. ಉಪ್ಪು ಗಾಳಿ ಏನು ಮಾಡುತ್ತದೆ ಎಂದು ನಮ್ಮ ಕಿಟಕಿ ಸರಳುಗಳೇ ಹೇಳುತ್ತವೆ. ಅದು ಬಂದರೆ ಎಲ್ಲ ಸ್ಕ್ರೂಗಳನ್ನೂ ಹಿಡಿಯುತ್ತದೆ. ಇಲ್ಲಿ ಪಕ್ಕದ ಸ್ಕ್ರೂಗಳು ಫಳಫಳ ಅನ್ನುತ್ತಿವೆ. ಕಿಲುಬು ಹಿಡಿದ ಸ್ಕ್ರೂವಿನ ತಲೆಯಲ್ಲಿ ಮಾತ್ರ ಸ್ಕ್ರೂಡ್ರೈವರ್ ಜಾರಿದ ಗೀರು. ಡಬ್ಬಕ್ಕೆ ಟೇಪಿನ ಮೇಲೆ ಟೇಪು ಹಚ್ಚಿತ್ತು, ಅದರ ಫೋಟೋ ಏಪ್ರಿಲ್ 18ರದ್ದೇ ಇದೆ. ಯಾರೋ ವಾಪಸ್ ಕಳಿಸಿದ ಮಾಲನ್ನು ಹೊಸದೆಂದು ನನಗೆ ಕಳಿಸಿದ್ದೀರಿ ಎಂದೇ ನನ್ನ ಅನುಮಾನ. ಅಲ್ಲ ಎಂದಾದರೆ ಈ ಸೀರಿಯಲ್ ನಂಬರ್ ಮೊದಲು ಯಾವಾಗ ಮಾರಾಟವಾಯಿತು ಎಂದು ಬರೆದು ಕೊಡಿ.

ಮೂರನೇ ಉತ್ತರಕ್ಕೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ಮನೆಯಲ್ಲಿ ಬಿಯರ್ ಮಾಡಲು ನಿಮ್ಮ ಬಳಿ ಪರವಾನಗಿ ಇದೆಯೇ?" ಎಂದು ಕೇಳಿದ್ದೀರಿ. ಇಲ್ಲ. ಬೇಕು ಎಂದೂ ಗೊತ್ತಿರಲಿಲ್ಲ. ಪಕ್ಕದ ಮನೆಯ ವಕೀಲರನ್ನು ಕೇಳಿದಾಗ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮಾತು ಎತ್ತಿದರು. ಅವತ್ತೇ ಇಡೀ ಡ್ರಮ್ ಹಿತ್ತಲಿನ ತೆಂಗಿನ ಬುಡಕ್ಕೆ ಹೋಯಿತು. ಆದರೆ "ಮನೆಯಲ್ಲೇ ಬಿಯರ್" ಎಂದು ಡಬ್ಬದ ಮೇಲೆ ಅಚ್ಚು ಹಾಕಿ ಕಾರವಾರದ ಪಿನ್‌ಕೋಡ್‌ಗೆ ಕಳಿಸುವಾಗ ನಿಮಗೆ ಆ ಕಾನೂನು ನೆನಪಿರಲಿಲ್ಲ, ದೂರು ಬಂದ ಮೇಲೆ ನೆನಪಾಯಿತು! ಡಬ್ಬದ ಆರು ಮುಖದಲ್ಲಿ, ಒಳಗಿನ ಚೀಟಿಯಲ್ಲಿ, ಬಿಲ್ಲಿನಲ್ಲಿ, ಎಲ್ಲೂ ಒಂದು ಸಾಲಿಲ್ಲ. ನನ್ನ ತಪ್ಪಿಗೆ ನಾನು ಹೊಣೆ, 19 ಲೀಟರ್ ಚೆಲ್ಲಿ ಆಯಿತು. ನೀವು ಮುಚ್ಚಿಟ್ಟದ್ದಕ್ಕೆ ಯಾರು ಹೊಣೆ?

ಹಾಗಾಗಿ ಬದಲಿ ಕಿಟ್ ಬೇಡ, ಮುಂದಿನ ಖರೀದಿಗೆ ಕೂಪನ್ನೂ ಬೇಡ. ಎರಡರ ಹಣ, ಒಟ್ಟು 9,350 ರೂಪಾಯಿ, 15 ದಿನದೊಳಗೆ ನನ್ನ ಖಾತೆಗೆ ಬರಬೇಕು. ಕಿಟ್‌ನ ಡಬ್ಬದ ಮೇಲೆ ಪರವಾನಗಿಯ ವಿಷಯ ಓದಲು ಬರುವ ಅಕ್ಷರದಲ್ಲಿ ಹಾಕಿಸಿ. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನಿರುವ ಜಿಲ್ಲೆಯಲ್ಲೇ ಆಯೋಗಕ್ಕೆ ದೂರು ಕೊಡುತ್ತೇನೆ. ಅದಕ್ಕೆ ನಿಮ್ಮ ಊರಿಗೆ ಬರಬೇಕಿಲ್ಲ, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಐಸ್ ಪ್ಲಾಂಟ್‌ಗಳಿಗೂ ರಜೆ. ನನಗೆ ಪುರುಸೊತ್ತೇ ಪುರುಸೊತ್ತು.

ಕಂಟ್ರೋಲರ್ ನನ್ನ ಹತ್ತಿರ ಹಾಗೇ ಇದೆ. ಕಿಲುಬು ಉಜ್ಜಿಲ್ಲ, ತಂತಿ ಕತ್ತರಿಸಿಲ್ಲ. ಬಿಲ್ಲಿನ ಪ್ರತಿ, ಡಬ್ಬದ ಫೋಟೋ, ಐಸ್ ನೀರು ಮತ್ತು ಬಿಸಿನೀರಿನ ಪರೀಕ್ಷೆಯ ವಿಡಿಯೋ ಲಗತ್ತಿಸಿದ್ದೇನೆ. ಅದನ್ನು ಒಯ್ಯಲು ಕೊರಿಯರ್‌ನವರನ್ನು ಕಳಿಸುವುದಾದರೆ ಸಂಜೆ 5ರ ಮೇಲೆ ಕಳಿಸಿ. ಹಗಲಲ್ಲಿ ಮನೆಯಲ್ಲಿ ಆಯಿ ಒಬ್ಬಳೇ ಇರುತ್ತಾಳೆ, ನಿಮ್ಮ ಕಂಪನಿಯ ಹೆಸರು ಕೇಳಿದರೆ ಅವಳು ಬಾಗಿಲು ತೆಗೆಯುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ